ಇಲ್ಲದ್ದು ಕಂಡಾಗ, ಇಲ್ಲದ ದನಿ ಕೇಳಿದಾಗ



ಕಷ್ಟ ಹೇಳಿಕೊಳ್ಳಲು ಮಠಕ್ಕೆ ಬರುವ ಕುಟುಂಬಗಳಿಂದ ಮೂರು ಬಗೆಯ ಮಾತು ಮೇಲಿಂದ ಮೇಲೆ ಕೇಳಿಬರುತ್ತವೆ. ‘ಅಜ್ಜಾರ, ಮಗ ಕಾಲೇಜು ಬಿಟ್ಟಾನ್ರಿ. ಒಬ್ಬನ ಕುಂತು ಯಾರ ಜೋಡಿನೋ ಮಾತಾಡ್ತಾನ. ಕಿವ್ಯಾಗ ಯಾರೋ ಬೈತಾರ ಅಂತಾನ’ ಎನ್ನುವುದು ಒಂದು. ‘ನಮ್ಮ ಅವ್ವಗ ಎರಡು ದಿನದಿಂದ ರಾತ್ರಿ ಮನಿ ತುಂಬ ಸಣ್ಣ ಹುಡುಗ್ರು ಕಾಣ್ತಾರಂತ್ರಿ, ನಮ್ಮ ಗುರುತೂ ಹಿಡೀವಲ್ಲಳು’ ಎನ್ನುವುದು ಇನ್ನೊಂದು. ‘ತೀರಿಕೊಂಡ ಯಜಮಾನ್ರು ಬಾಗಿಲದಾಗ ನಿಂತಿದ್ರು, ನನ್ನ ಹೆಸರು ಹಿಡಿದು ಕರದ್ರು’ ಎಂದು ಕಣ್ಣೀರಿಡುವ ತಾಯಂದಿರದು ಮೂರನೆಯದು.

ಮೂರಕ್ಕೂ ಊರಿನಲ್ಲಿ ಸಿಗುವ ಉತ್ತರ ಒಂದೇ: ‘ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ.’ ವೈದ್ಯಶಾಸ್ತ್ರದ ಉತ್ತರ ಮೂರಕ್ಕೂ ಬೇರೆ ಬೇರೆ. ಮೊದಲನೆಯ ಹುಡುಗನಿಗೆ ಬಹುಕಾಲದ ಔಷಧೋಪಚಾರ ಬೇಕಾಗಬಹುದು. ಎರಡನೆಯ ಅವ್ವನನ್ನು ಅದೇ ರಾತ್ರಿ ಆಸ್ಪತ್ರೆಗೆ ಸೇರಿಸಬೇಕು, ಬೆಳಗಾಗುವವರೆಗೆ ಕಾಯುವುದೂ ಅಪಾಯ. ಮೂರನೆಯ ತಾಯಿಗೆ ಬಹುಮಟ್ಟಿಗೆ ಔಷಧವೇ ಬೇಡ, ಪಕ್ಕದಲ್ಲಿ ಕೂತು ಮಾತನಾಡಿಸುವವರು ಬೇಕು. ಹೊರಗೆ ಒಂದೇ ತೆರನಾಗಿ ಕಾಣುವ ಅನುಭವದ ಹಿಂದೆ ಇಷ್ಟು ಬೇರೆ ಬೇರೆ ಕಾರಣಗಳಿವೆ ಎಂಬುದನ್ನು ತಿಳಿಸುವುದೇ ಈ ಸಂಪಾದಕೀಯದ ಉದ್ದೇಶ.

ನಾನು ವೈದ್ಯನಲ್ಲ. ಸರ್ಕಾರಿ ಎಂಜಿನಿಯರನಾಗಿ ಅಣೆಕಟ್ಟು, ಕಾಲುವೆಗಳ ಮೇಲೆ ದುಡಿದು ನಿವೃತ್ತನಾದವನು. ಆದರೆ ಆ ಕೆಲಸ ನನಗೆ ಒಂದು ಶಿಸ್ತು ಕಲಿಸಿತು. ಜಲಾಶಯದ ಮಾಪಕ ಇಲ್ಲದ ಪ್ರವಾಹವನ್ನು ತೋರಿಸಿದರೆ ನಾವು ಗಂಗಮ್ಮ ಮುನಿದಳು ಎನ್ನುವುದಿಲ್ಲ. ಮೊದಲು ಸಂವೇದಕ ನೋಡುತ್ತೇವೆ, ಆಮೇಲೆ ತಂತಿ, ಆಮೇಲೆ ವಿದ್ಯುತ್ ಪೂರೈಕೆ, ಕೊನೆಗೆ ನಿಯಂತ್ರಣ ಕೊಠಡಿ. ದೋಷ ಎಲ್ಲಿದೆ ಎಂದು ಗೊತ್ತಾಗುವವರೆಗೆ ರಿಪೇರಿಗೆ ಕೈ ಹಾಕುವುದಿಲ್ಲ. ಕಣ್ಣು, ಕಿವಿ, ನರ, ರಕ್ತ, ಮಿದುಳುಗಳಿಂದ ಕೂಡಿದ ಈ ದೇಹದ ವಿಷಯದಲ್ಲೂ ಅದೇ ಕ್ರಮ ಸರಿ ಎಂದು ವೈದ್ಯಮಿತ್ರರೊಂದಿಗಿನ ಮಾತುಕತೆ ಮತ್ತು ಓದಿನಿಂದ ಮನವರಿಕೆಯಾಗಿದೆ.

ಮೊದಲು ಪದಗಳು ಸ್ಪಷ್ಟವಾಗಲಿ

‘ಭ್ರಮೆ’ ಎಂಬ ಒಂದೇ ಮಾತನ್ನು ನಾವು ನಾಲ್ಕು ಬೇರೆ ಸಂಗತಿಗಳಿಗೆ ಬಳಸುತ್ತೇವೆ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ನೀರು ನಿಂತಂತೆ ಕಾಣುವ ಬಿಸಿಲ್ಗುದುರೆ ಮನಸ್ಸಿನ ಆಟವಲ್ಲ. ಕಾದ ಗಾಳಿಯಲ್ಲಿ ಬೆಳಕು ಬಾಗುವುದರಿಂದ ಆಗುವಂಥದು. ಅದರ ಫೋಟೊ ಕೂಡ ತೆಗೆಯಬಹುದು. ಮಬ್ಬುಗತ್ತಲೆಯಲ್ಲಿ ಹಗ್ಗ ಹಾವಿನಂತೆ ಕಂಡರೆ ಅದು ತಪ್ಪುಗ್ರಹಿಕೆ. ಅಲ್ಲಿ ಒಂದು ವಸ್ತು ಇದ್ದೇ ಇದೆ, ಅದನ್ನು ಬೇರೆಯಾಗಿ ಗ್ರಹಿಸಿದ್ದೇವೆ. ಹಗ್ಗವೂ ಇಲ್ಲ, ಏನೂ ಇಲ್ಲ, ಆದರೂ ಹಾವು ಹರಿದಾಡುವುದು ಕಣ್ಣಾರೆ ಕಂಡರೆ ಅದು ಇಂದ್ರಿಯಭ್ರಮೆ. ವೈದ್ಯರು ಹಲೂಸಿನೇಷನ್ ಎನ್ನುವುದು ಇದನ್ನೇ. ಇನ್ನು, ಯಾವ ಆಧಾರವೂ ಇಲ್ಲದೆ ‘ಅಣ್ಣತಮ್ಮಂದಿರು ನನ್ನ ಅನ್ನಕ್ಕೆ ವಿಷ ಹಾಕುತ್ತಿದ್ದಾರೆ’ ಎಂದು ಯಾರು ಹೇಳಿದರೂ ಕದಲದಂತೆ ನಂಬಿದರೆ ಅದು ಭ್ರಾಂತಿ. ಭ್ರಮೆ ಇಂದ್ರಿಯದ ಅನುಭವ, ಭ್ರಾಂತಿ ನಂಬಿಕೆ. ಎರಡೂ ಒಬ್ಬರಲ್ಲೇ ಇರಬಹುದು, ಬೇರೆ ಬೇರೆಯಾಗಿಯೂ ಇರಬಹುದು.

ಇಲ್ಲಿ ಒಂದು ಮಾತನ್ನು ಮನೆಯವರು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಬೇಕು. ಭ್ರಮೆ ಆದವರು ಸುಳ್ಳು ಹೇಳುತ್ತಿಲ್ಲ, ನಾಟಕ ಮಾಡುತ್ತಿಲ್ಲ. 1998ರಲ್ಲಿ ಲಂಡನ್ನಿನ ಸಂಶೋಧಕರು ದೃಷ್ಟಿ ಕುಂದಿದ, ಆದರೆ ಇಲ್ಲದ ಚಿತ್ರಗಳು ಕಾಣುತ್ತಿದ್ದ ಕೆಲವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಬಣ್ಣದ ಚಿತ್ರ ಕಂಡಾಗ ಬಣ್ಣವನ್ನು ಗುರುತಿಸುವ ಭಾಗವೂ, ಮುಖ ಕಂಡಾಗ ಮುಖವನ್ನು ಗುರುತಿಸುವ ಭಾಗವೂ ಕೆಲಸ ಮಾಡುತ್ತಿದ್ದುದು ಸ್ಪಷ್ಟವಾಗಿ ಕಂಡಿತು. ಅಂದರೆ ನೋಡುವವರ ಮಟ್ಟಿಗೆ ಅದು ನಿಜವಾದ ನೋಟವೇ. ಹೊರಗೆ ವಸ್ತು ಇಲ್ಲ, ಅಷ್ಟೇ ವ್ಯತ್ಯಾಸ.

ಭ್ರಮೆಯ ಬಗೆಗಳು

ಐದು ಇಂದ್ರಿಯಗಳಲ್ಲಿ ಯಾವುದರಲ್ಲಾದರೂ ಭ್ರಮೆ ಉಂಟಾಗಬಹುದು. ಯಾವ ಇಂದ್ರಿಯದಲ್ಲಿ ಎಂಬುದು ಕಾರಣದ ಕಡೆಗೆ ಕೈತೋರಿಸುತ್ತದೆ. ಆದ್ದರಿಂದ ವೈದ್ಯರ ಬಳಿ ಹೋದಾಗ ‘ಏನೇನೋ ಆಗುತ್ತದೆ’ ಎನ್ನದೆ, ಕಾಣುತ್ತದೋ ಕೇಳುತ್ತದೋ ಎಂಬುದನ್ನು ಬಿಡಿಸಿ ಹೇಳಬೇಕು.

ಕೇಳುವ ಭ್ರಮೆಯಲ್ಲಿ ಬರಿಯ ಸದ್ದು, ಹಾಡು, ಮನುಷ್ಯರ ಮಾತು ಹೀಗೆ ಹಲವು ಬಗೆಗಳಿವೆ. ಇಬ್ಬರು ತನ್ನ ವಿಷಯ ಆಡಿಕೊಂಡಂತೆ, ತಾನು ಮಾಡುತ್ತಿರುವ ಕೆಲಸವನ್ನು ಯಾರೋ ಹೇಳುತ್ತಾ ಹೋದಂತೆ, ಬೈದಂತೆ, ಆಜ್ಞೆ ಮಾಡಿದಂತೆ ಕೇಳುವುದು ಹೆಚ್ಚಾಗಿ ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಗಳಲ್ಲಿ. ಕಾಣುವ ಭ್ರಮೆ, ಅದರಲ್ಲೂ ವಯಸ್ಸಾದವರಿಗೆ ಹೊಸದಾಗಿ ಬಂದದ್ದು, ಕಣ್ಣಿನ ದೋಷ, ದೇಹದ ಸೋಂಕು, ಮಿದುಳಿನ ಕಾಯಿಲೆ, ಇಲ್ಲವೇ ಔಷಧ-ಮಾದಕ ವಸ್ತುಗಳ ಕಡೆಗೆ ಬೆರಳು ಮಾಡುತ್ತದೆ. ರಬ್ಬರು ಸುಟ್ಟಂಥ, ಕೊಳೆತಂಥ ವಾಸನೆ ಇದ್ದಕ್ಕಿದ್ದಂತೆ ಬಂದು ಕ್ಷಣದಲ್ಲಿ ಹೋಗುವುದು ಕೆಲವು ಬಗೆಯ ಮೂರ್ಛೆರೋಗದ ಮುನ್ಸೂಚನೆ ಆಗಿರಬಹುದು. ಚರ್ಮದ ಮೇಲೆ, ಚರ್ಮದ ಕೆಳಗೆ ಹುಳ ಹರಿದಂತಾಗುವ ಸ್ಪರ್ಶದ ಭ್ರಮೆ ಕುಡಿತ ಬಿಟ್ಟಾಗ ಮತ್ತು ಕೊಕೇನಿನಂಥ ವಸ್ತುಗಳ ಸೇವನೆಯಲ್ಲಿ ಕಂಡುಬರುತ್ತದೆ. ಇವು ಸೂಚನೆಗಳು ಮಾತ್ರ. ನಿರ್ಣಯ ವೈದ್ಯರದು.

ಸಂವೇದಕದ ದೋಷ

ನಿಯಂತ್ರಣ ಕೊಠಡಿಗೆ ಸಂಕೇತ ಬರುವುದು ನಿಂತರೆ ಪರದೆ ಖಾಲಿ ಉಳಿಯಬೇಕು. ಆದರೆ ಮಿದುಳು ಖಾಲಿ ಕೂರುವುದಿಲ್ಲ. ತನ್ನ ಸಂಗ್ರಹದಿಂದಲೇ ಚಿತ್ರ ತೆಗೆದು ತುಂಬುತ್ತದೆ. ಇದನ್ನು ಮೊದಲು ಕ್ರಮವಾಗಿ ದಾಖಲಿಸಿದವರು ಜಿನೀವಾದ ಪ್ರಕೃತಿ ವಿಜ್ಞಾನಿ ಚಾರ್ಲ್ಸ್ ಬಾನೆ. 1760ರಲ್ಲಿ ಅವರು ತಮ್ಮ ಅಜ್ಜನ ಅನುಭವವನ್ನು ಬರೆದರು. ಸುಮಾರು 90ರ ಹರೆಯದ ಆ ಅಜ್ಜನಿಗೆ ಕಣ್ಣಿನ ಪೊರೆಯಿಂದ ದೃಷ್ಟಿ ಬಹುಪಾಲು ಹೋಗಿತ್ತು, ಬುದ್ಧಿ ಮಾತ್ರ ಚುರುಕಾಗಿತ್ತು. ಅವರಿಗೆ ಗಂಡಸರು, ಹೆಂಗಸರು, ಹಕ್ಕಿಗಳು, ಗಾಡಿಗಳು, ಕಟ್ಟಡಗಳು ಕಾಣುತ್ತಿದ್ದವು. ಅವು ನಿಜವಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಇಂದು ವೈದ್ಯರು ಇದನ್ನು ಚಾರ್ಲ್ಸ್ ಬಾನೆ ಸಿಂಡ್ರೋಮ್ ಎನ್ನುತ್ತಾರೆ. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಹಾಳಾದ ಅಕ್ಷಿಪಟಲ, ವಯಸ್ಸಿನಿಂದ ಸವೆದ ಅಕ್ಷಿಪಟಲ, ಯಾವುದರಿಂದ ದೃಷ್ಟಿ ಕುಂದಿದರೂ ಇದು ಬರಬಹುದು.

ನಮ್ಮ ಹಳ್ಳಿಗಳಲ್ಲಿ ಕಣ್ಣು ಮಸುಕಾದ ಹಿರಿಯರು ಎಷ್ಟು ಮಂದಿ! ಅವರಲ್ಲಿ ಎಷ್ಟೋ ಜನ ‘ಹೇಳಿದರೆ ಹುಚ್ಚು ಅಂದಾರು’ ಎಂದು ಬಾಯಿ ಮುಚ್ಚಿಕೊಂಡಿರುತ್ತಾರೆ. ಅವರಿಗೆ ಬೇಕಾದದ್ದು ಕಣ್ಣಿನ ತಪಾಸಣೆ ಮತ್ತು ‘ನಿಮಗೆ ಹುಚ್ಚು ಹಿಡಿದಿಲ್ಲ’ ಎಂಬ ಒಂದು ಧೈರ್ಯದ ಮಾತು. ಪೊರೆಯೇ ಕಾರಣವಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿಯ ಜೊತೆಗೆ ನೆಮ್ಮದಿಯೂ ಮರಳಬಹುದು. ಕಿವಿ ಮಂದವಾದವರಿಗೆ ಹಳೆಯ ಹಾಡುಗಳು ತಾವೇ ಕೇಳುವುದೂ, ಅಪಘಾತದಲ್ಲಿ ಕಾಲು ಕಳೆದುಕೊಂಡವರಿಗೆ ಇಲ್ಲದ ಪಾದದಲ್ಲಿ ನೋವು, ತುರಿಕೆ ಆಗುವುದೂ ಇದೇ ಜಾತಿಯವು.

ಪೂರೈಕೆಯ ದೋಷ

ಈ ವಿಭಾಗವನ್ನು ಓದುಗರು ಎಲ್ಲಕ್ಕಿಂತ ಎಚ್ಚರದಿಂದ ಓದಬೇಕು. ಮಿದುಳಿಗೆ ಸರಿಯಾದ ಪ್ರಮಾಣದಲ್ಲಿ ಆಮ್ಲಜನಕ, ಸಕ್ಕರೆ, ಲವಣ ಸಿಗಬೇಕು. ಸೋಂಕಿನ ವಿಷ ಸೇರಬಾರದು. ಇದರಲ್ಲಿ ಏರುಪೇರಾದರೆ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಮನಸ್ಸು ಗೊಂದಲಕ್ಕೆ ಬೀಳುತ್ತದೆ. ಹಗಲು ಸ್ವಲ್ಪ ಸರಿ ಇದ್ದವರು ಸಂಜೆಯಾಗುತ್ತಲೇ ಕೆಡುತ್ತಾರೆ. ದಿನ, ಜಾಗ, ಜನರ ಗುರುತು ತಪ್ಪುತ್ತದೆ. ಗೋಡೆಯ ಮೇಲೆ ಹುಳ, ಕೋಣೆಯಲ್ಲಿ ಮಕ್ಕಳು, ಸತ್ತ ಬಂಧುಗಳು ಕಾಣುತ್ತಾರೆ. ಹಿರಿಯರು ‘ಸನ್ನಿ’ ಎಂದು ಕರೆದದ್ದು ಇದನ್ನೇ. ವೈದ್ಯರ ಮಾತಿನಲ್ಲಿ ಡೆಲಿರಿಯಂ.

ನಮ್ಮ ಓಣಿಯ 78 ವರ್ಷದ ತಾಯಿಯೊಬ್ಬರಿಗೆ ಹೀಗೆಯೇ ಆಯಿತು. ‘ಹಿರಿಯರು ಕರೆಯಲು ಬಂದಿದ್ದಾರೆ, ಇನ್ನು ಹೆಚ್ಚು ದಿನವಿಲ್ಲ’ ಎಂದು ಬಂಧುಗಳಿಗೆ ಫೋನು ಹೋಗತೊಡಗಿತು. ಸೊಸೆ ಒಬ್ಬಳು ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿಸಿದಳು. ರಕ್ತದಲ್ಲಿ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕಾದ ಸೋಡಿಯಂ 116ಕ್ಕೆ ಇಳಿದಿತ್ತು. ರಕ್ತದೊತ್ತಡಕ್ಕೆ ತೆಗೆದುಕೊಳ್ಳುತ್ತಿದ್ದ, ಮೂತ್ರ ಹೆಚ್ಚಿಸುವ ಮಾತ್ರೆ ಮತ್ತು ಕೆಲವು ದಿನಗಳ ವಾಂತಿ-ಭೇದಿ ಸೇರಿ ಹಾಗಾಗಿತ್ತು. ವೈದ್ಯರು ನಿಧಾನವಾಗಿ ಅದನ್ನು ಸರಿಪಡಿಸಿದರು. ಐದನೆಯ ದಿನ ಆ ತಾಯಿ ಮನೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದರು. ಆ ಸೊಸೆಯ ಹಟವಿಲ್ಲದಿದ್ದರೆ ‘ಹಿರಿಯರು ಬಂದು ಕರೆದೊಯ್ದರು’ ಎಂಬ ಮಾತೇ ನಿಜವೆಂದು ಊರಿನಲ್ಲಿ ಉಳಿಯುತ್ತಿತ್ತು.

ಮೂತ್ರದ ಸೋಂಕು, ನ್ಯುಮೋನಿಯ, ನಿರ್ಜಲತೆ, ಸಕ್ಕರೆ ಇಳಿಯುವುದು, ದೊಡ್ಡ ಶಸ್ತ್ರಚಿಕಿತ್ಸೆ, ಹೊಸ ಮಾತ್ರೆ, ಇವು ವಯಸ್ಸಾದವರಲ್ಲಿ ಸನ್ನಿಗೆ ಸಾಮಾನ್ಯ ಕಾರಣಗಳು. ಹಿರಿಯರಲ್ಲಿ ಜ್ವರವಿಲ್ಲದೆಯೂ ಸೋಂಕು ಇರಬಹುದು. ಆದ್ದರಿಂದ ನಿಯಮ ಸರಳವಾಗಿದೆ: ಹಿರಿಯರಲ್ಲಿ ಇದ್ದಕ್ಕಿದ್ದಂತೆ ಗೊಂದಲ ಮತ್ತು ಭ್ರಮೆ ಕಂಡರೆ ಅದು ತುರ್ತುಸ್ಥಿತಿ.

ಇದೇ ಗುಂಪಿಗೆ ಕುಡಿತವೂ ಸೇರುತ್ತದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡಿದ್ದು ನಮಗೆಲ್ಲ ಗೊತ್ತು. ಆ ಕಾರ್ಯ ಇನ್ನೂ ಬೆಳೆಯಬೇಕು. ಜೊತೆಗೆ ಒಂದು ವೈದ್ಯಕೀಯ ಎಚ್ಚರವೂ ಬೇಕು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ಇದ್ದಕ್ಕಿದ್ದಂತೆ ಪೂರ್ತಿ ಬಿಟ್ಟಾಗ, ಎರಡರಿಂದ ನಾಲ್ಕನೆಯ ದಿನದೊಳಗೆ ಕೈಕಾಲು ನಡುಕ, ಬೆವರು, ಫಿಟ್ಸ್, ಹುಳ-ಹಾವು ಕಾಣುವುದು, ದಿಕ್ಕುಗಾಣದ ಗೊಂದಲ ಬರಬಹುದು. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ‘ವ್ರತ ಮುರಿದಿದ್ದಕ್ಕೆ ದೇವರು ಕಾಡಿದ’ ಎಂದೋ, ‘ಬಿಟ್ಟಿದ್ದೇ ತಪ್ಪಾಯಿತು’ ಎಂದೋ ಮನೆಯವರು ತಿಳಿಯುತ್ತಾರೆ. ಎರಡೂ ಅಲ್ಲ. ಮದ್ಯಕ್ಕೆ ಒಗ್ಗಿಹೋಗಿದ್ದ ಮಿದುಳು ಅದು ಸಿಗದೆ ಅತಿಯಾಗಿ ಕೆರಳಿರುತ್ತದೆ. ಸೂಕ್ತ ಔಷಧ ಮತ್ತು ಬಿ-1 ಜೀವಸತ್ವ ಕೊಟ್ಟು ವೈದ್ಯರು ಅದನ್ನು ದಾಟಿಸುತ್ತಾರೆ. ಮಠಗಳು ನಡೆಸುವ ವ್ಯಸನಮುಕ್ತಿ ಶಿಬಿರಗಳಲ್ಲಿ ಪ್ರತಿಜ್ಞೆಯ ದಿನದಿಂದ ಕನಿಷ್ಠ ಒಂದು ವಾರ ವೈದ್ಯರ ನಿಗಾ ಇರಲೇಬೇಕು.

ದತ್ತೂರಿ ಬೀಜದ ವಿಷಯವನ್ನೂ ಹೇಳಬೇಕು. ‘ಗಿಡಮೂಲಿಕೆ’ ಎಂಬ ಹೆಸರಿನಲ್ಲಿ ಅದು ಹೊಟ್ಟೆಗೆ ಹೋದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಮೈ ಬಿಸಿಯೇರಿ, ಇಲ್ಲದ ವಸ್ತುಗಳಿಗೆ ಕೈ ಚಾಚುವ ಸ್ಥಿತಿ ಬರುತ್ತದೆ. ಅದರಲ್ಲಿರುವ ಅಟ್ರೊಪಿನ್, ಸ್ಕೊಪಾಲಮಿನ್ ಎಂಬ ರಾಸಾಯನಿಕಗಳು ನರಗಳ ನಡುವಿನ ಒಂದು ಮುಖ್ಯ ಸಂದೇಶವಾಹಕವನ್ನು ತಡೆಯುತ್ತವೆ. ಗಾಂಜಾ ಸೇವನೆಯಿಂದಲೂ, ವಿಶೇಷವಾಗಿ ಎಳೆಯ ವಯಸ್ಸಿನಲ್ಲಿ ಹೆಚ್ಚಾಗಿ ಸೇದುವವರಲ್ಲಿ, ಇಂಥ ತೊಂದರೆಯ ಸಂಭವ ಹೆಚ್ಚುತ್ತದೆ.

ನಿಯಂತ್ರಣ ಕೊಠಡಿಯ ದೋಷ

ಸಂವೇದಕವೂ ಸರಿ, ಪೂರೈಕೆಯೂ ಸರಿ, ಮಿದುಳಿನಲ್ಲೇ ತೊಂದರೆ ಇರಬಹುದು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಡಾ. ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರಚಿಕಿತ್ಸಕರು ಮೂರ್ಛೆರೋಗಿಗಳಿಗೆ ಎಚ್ಚರವಿದ್ದಾಗಲೇ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕಪೋಲದ ಬಳಿಯ ಭಾಗಕ್ಕೆ ಅತಿ ಸೌಮ್ಯವಾದ ವಿದ್ಯುತ್ ಮುಟ್ಟಿಸಿದಾಗ ಕೆಲವರು ‘ಯಾರೋ ಮಾತಾಡಿದರು’, ‘ಹಾಡು ಕೇಳಿತು’ ಎಂದರು. ಹೊರಗೆ ದನಿ ಇರಲಿಲ್ಲ, ದೆವ್ವವೂ ಇರಲಿಲ್ಲ, ಒಂದು ತಂತಿಯ ತುದಿ ಇತ್ತು. ಮೂರ್ಛೆರೋಗದಲ್ಲಿ ಇದೇ ವಿದ್ಯುತ್ ತಾನಾಗಿಯೇ ಹೊಮ್ಮುತ್ತದೆ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮತ್ತು ಲೂಯಿ ಬಾಡಿ ಎಂಬ ಒಂದು ಬಗೆಯ ಮರೆವಿನ ಕಾಯಿಲೆಯಲ್ಲಿ ಮಕ್ಕಳು, ಸಣ್ಣ ಪ್ರಾಣಿಗಳು ಸ್ಪಷ್ಟವಾಗಿ ಕಾಣುವುದುಂಟು. ಇಂಥವರಿಗೆ ಭ್ರಮೆ ನಿಲ್ಲಿಸುವ ಕೆಲವು ಮಾತ್ರೆಗಳು ತೀವ್ರ ತೊಂದರೆ ಕೊಡುತ್ತವೆ. ಆದ್ದರಿಂದ ಪಕ್ಕದ ಮನೆಯವರಿಗೆ ಗುಣ ಕೊಟ್ಟ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿಸಬಾರದು.

ಇನ್ನು ಸ್ಕಿಜೋಫ್ರೇನಿಯಾ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರಪಂಚದ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ ಶುರುವಾಗುವುದೇ ಹೆಚ್ಚು. ದನಿಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ ಒಂದು ವಿವರಣೆ ಹೀಗಿದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ. ಏಕೆಂದರೆ ಕೈಗೆ ಆಜ್ಞೆ ಕೊಡುವಾಗಲೇ ಮಿದುಳು ‘ಇದು ನನ್ನದೇ ಕೆಲಸ’ ಎಂಬ ಒಂದು ಪ್ರತಿಯನ್ನು ತನಗೂ ಕಳಿಸಿಕೊಂಡಿರುತ್ತದೆ. ನಾವು ಮನಸ್ಸಿನೊಳಗೆ ಮಾತಾಡಿಕೊಳ್ಳುವಾಗಲೂ ಹಾಗೆಯೇ. ಆ ಪ್ರತಿ ತಪ್ಪಿಹೋದರೆ ನಮ್ಮದೇ ಒಳಮಾತು ಹೊರಗಿನವರ ಮಾತಾಗಿ ಕೇಳುತ್ತದೆ. 1993ರಲ್ಲಿ ಲಂಡನ್ನಿನಲ್ಲಿ ನಡೆದ ಸ್ಕ್ಯಾನ್ ಅಧ್ಯಯನದಲ್ಲಿ, ರೋಗಿಗೆ ದನಿ ಕೇಳುವ ಹೊತ್ತಿನಲ್ಲಿ ಮಾತನ್ನು ಹುಟ್ಟಿಸುವ ಮಿದುಳಿನ ಭಾಗದಲ್ಲೇ ರಕ್ತಸಂಚಾರ ಹೆಚ್ಚಿದ್ದುದು ಕಂಡುಬಂದಿತು. ತೀವ್ರ ಖಿನ್ನತೆಯಲ್ಲೂ ‘ನೀನು ಪಾಪಿ, ಬದುಕಬೇಡ’ ಎಂಬಂಥ ದನಿಗಳು ಕೇಳಬಹುದು.

ದನಿಯ ಮಾತು ನಾವು ಬೆಳೆದ ಮನೆಯಿಂದ, ಸಮಾಜದಿಂದ ಬರುತ್ತದೆ. ತಾನ್ಯಾ ಲೂರ್‌ಮನ್ ಎಂಬ ಮಾನವಶಾಸ್ತ್ರಜ್ಞೆ ಮತ್ತು ಸಂಗಡಿಗರು ಅಮೆರಿಕ, ಘಾನಾ ದೇಶದ ಅಕ್ರಾ ಮತ್ತು ನಮ್ಮ ಚೆನ್ನೈನಲ್ಲಿ ದನಿ ಕೇಳುವ ತಲಾ 20 ರೋಗಿಗಳನ್ನು ಮಾತನಾಡಿಸಿದರು. ಅಮೆರಿಕದವರಿಗೆ ಹಿಂಸೆಯ, ಅಪರಿಚಿತರ ದನಿಗಳು ಹೆಚ್ಚು. ಅಕ್ರಾದವರಲ್ಲಿ ಹಲವರಿಗೆ ದೇವರ ದನಿ. ಚೆನ್ನೈನವರಲ್ಲಿ ಹಲವರಿಗೆ ಬಂಧುಗಳ ದನಿ, ಬೈಯುವುದರ ಜೊತೆಗೆ ಮನೆಗೆಲಸವನ್ನೂ ಹೇಳುತ್ತಿದ್ದವು. ದನಿ ದೇವರ ಹೆಸರು ಹೇಳಿತು, ದಾಯಾದಿಯ ಹೆಸರು ಹೇಳಿತು ಎಂಬುದರಿಂದ ಅದು ಅವರಿಂದಲೇ ಬಂತು ಎಂದು ಸಿದ್ಧವಾಗುವುದಿಲ್ಲ. ಈ ಒಂದು ತಿಳಿವಳಿಕೆ ಇದ್ದರೆ ‘ಮಾಟ ಮಾಡಿಸಿದರು’ ಎಂಬ ಗುಮಾನಿಯಿಂದ ಒಡೆದ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ದೋಷವೇ ಇಲ್ಲದಿದ್ದಾಗ

ಆರೋಗ್ಯವಂತರಿಗೂ ಭ್ರಮೆ ಆಗುತ್ತದೆ. ನಿದ್ದೆಗೆ ಜಾರುವಾಗ, ನಿದ್ದೆಯಿಂದ ಏಳುವಾಗ ಯಾರೋ ಕರೆದಂತೆ ಕೇಳುವುದು ತೀರ ಸಾಮಾನ್ಯ. ಕನಸು ಕಾಣುವ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲಗೊಂಡು ಕಟ್ಟಿಹೋಗಿರುತ್ತವೆ. ಆ ಸ್ಥಿತಿ ಬಿಡುವ ಮೊದಲೇ ಎಚ್ಚರವಾದರೆ ಕೈಕಾಲು ಅಲುಗಾಡುವುದಿಲ್ಲ, ಎದೆಯ ಮೇಲೆ ಯಾರೋ ಕೂತಂತಾಗುತ್ತದೆ, ಕೋಣೆಯಲ್ಲಿ ನೆರಳು ಕಾಣುತ್ತದೆ. ‘ದೆವ್ವ ಅಮುಕಿತು’ ಎನ್ನುವುದು ಬಹುಪಾಲು ಇದೇ. ಒಂದೆರಡು ನಿಮಿಷದಲ್ಲಿ ತಾನೇ ಹೋಗುತ್ತದೆ. ಹೊತ್ತಿಗೆ ಸರಿಯಾದ ನಿದ್ದೆಯೇ ಇದಕ್ಕೆ ಮದ್ದು.

ಸಂಗಾತಿಯನ್ನು ಕಳೆದುಕೊಂಡವರ ಅನುಭವವೂ ಹಾಗೆಯೇ. ವೇಲ್ಸ್ ಪ್ರಾಂತದ ಡಾ. ಡ್ಯೂಯಿ ರೀಸ್ ಎಂಬ ವೈದ್ಯರು 293 ವಿಧವೆ-ವಿಧುರರನ್ನು ಮಾತನಾಡಿಸಿ 1971ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಅರ್ಧದಷ್ಟು ಜನರಿಗೆ ತೀರಿಕೊಂಡವರು ಹತ್ತಿರವಿದ್ದಂತೆ, ಕಂಡಂತೆ, ಮಾತಾಡಿದಂತೆ ಆಗಿತ್ತು. ಬಹಳ ಜನರಿಗೆ ಅದು ಭಯವಲ್ಲ, ಸಮಾಧಾನ ತಂದಿತ್ತು. ನಲವತ್ತು ವರ್ಷ ಜೊತೆಗೆ ಬಾಳಿದವರ ಹೆಜ್ಜೆಸಪ್ಪಳ ಮಿದುಳಿನಿಂದ ಒಂದೇ ದಿನದಲ್ಲಿ ಅಳಿಸುವುದಿಲ್ಲ. ಅಂಥ ತಾಯಿಯನ್ನು ತಾಯತ ಕಟ್ಟುವವನ ಬಳಿಗೆ ಎಳೆದೊಯ್ಯುವುದು ಅವರ ದುಃಖಕ್ಕೆ ಮಾಡುವ ಅವಮಾನ. ನಿದ್ದೆ, ಊಟ ಬಿಟ್ಟು ತಿಂಗಳುಗಟ್ಟಲೆ ಕುಗ್ಗಿಹೋದರೆ ಮಾತ್ರ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇಲ್ಲಿ ಭಕ್ತರಿಗೆ ಒಂದು ಪ್ರಶ್ನೆ ಏಳುವುದು ಸಹಜ: ‘ಹಾಗಾದರೆ ಸಾಧಕರ ಅನುಭಾವವೂ ಭ್ರಮೆಯೇ?’ ಅನುಭಾವವನ್ನು ಅಳೆಯುವ ಮಾಪಕ ನನ್ನ ಬಳಿ ಇಲ್ಲ, ವೈದ್ಯರ ಬಳಿಯೂ ಇಲ್ಲ. ಆದರೆ ಅದರ ಫಲವನ್ನು ಎಲ್ಲರೂ ನೋಡಬಹುದು. ಅರಿವು ಬಂದವರು ಕಾಯಕದಲ್ಲಿ ಗಟ್ಟಿಯಾಗುತ್ತಾರೆ, ಜನರ ಹತ್ತಿರ ಬರುತ್ತಾರೆ, ಭಯ ಕಳೆದುಕೊಳ್ಳುತ್ತಾರೆ. ಕಾಯಿಲೆ ಬಂದವರು ಕೆಲಸ ಬಿಡುತ್ತಾರೆ, ಕೋಣೆ ಸೇರುತ್ತಾರೆ, ಹೆದರುತ್ತಾರೆ, ನಿದ್ದೆಗೆಡುತ್ತಾರೆ. ದೇವರ ಹೆಸರಿನ ದನಿ ‘ಉಪವಾಸ ಸಾಯಿ’, ‘ಬಾವಿಗೆ ಹಾರು’ ಎಂದರೆ ಅದಕ್ಕೆ ಭಕ್ತಿಯ ಹೆಸರು ಕೊಡಬಾರದು. ಅವರನ್ನು ಒಂದು ಕ್ಷಣವೂ ಒಬ್ಬರನ್ನೇ ಬಿಡಬಾರದು.

ಚಿಕಿತ್ಸೆ ಇದೆ

ಮನೋರೋಗಕ್ಕೆ ಮದ್ದಿಲ್ಲ ಎಂಬ ಮಾತು ಹಳೆಯದಾಗಿ ಬಹಳ ಕಾಲವಾಯಿತು. 1931ರಲ್ಲೇ ಕಲ್ಕತ್ತೆಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ನಮ್ಮ ಸರ್ಪಗಂಧಿ ಬೇರಿನಿಂದ ಉದ್ರಿಕ್ತ ಮನೋರೋಗಿಗಳು ಶಾಂತರಾಗುವುದನ್ನು ವರದಿ ಮಾಡಿದ್ದರು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜಿನ್ ಔಷಧದ ಗುಣ ಕಂಡುಕೊಂಡರು. ಅದು ಮಿದುಳಿನ ಡೋಪಮಿನ್ ಸಂಕೇತವನ್ನು ತಗ್ಗಿಸುತ್ತದೆ. ಇಂದಿನ ಹಲವು ಔಷಧಗಳು ಅದರ ನಂತರದ ಪೀಳಿಗೆಯವು. ಅಡ್ಡಪರಿಣಾಮಗಳಿವೆ. ಅವನ್ನು ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಬೇಕು, ತಾವೇ ನಿಲ್ಲಿಸಬಾರದು. ದನಿ ನಿಂತಿತೆಂದು ಮಾತ್ರೆ ನಿಲ್ಲಿಸುವುದೇ ಕಾಯಿಲೆ ಮರುಕಳಿಸಲು ಮುಖ್ಯ ಕಾರಣಗಳಲ್ಲೊಂದು.

ನಮ್ಮ ನಾಡು ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮಾನಸಿಕ ಚಿಕಿತ್ಸೆ ಸಾಧ್ಯ ಎಂದು ತೋರಿಸಿತು. ಆ ಮಾದರಿಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇಷ್ಟೆಲ್ಲ ಇದ್ದೂ ‘ಗಾಳಿ ಬಿಡಿಸುವ’ ಹೆಸರಿನಲ್ಲಿ ಬೆತ್ತದ ಏಟು, ಮೆಣಸಿನಕಾಯಿ ಹೊಗೆ, ಸರಪಳಿ ನಿಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದವರು ಓಡಲಾಗದೆ 28 ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟುಹೋದ ಮನೆಯವರು ಕ್ರೂರಿಗಳೇನಲ್ಲ, ದಾರಿ ಕಾಣದವರು. ಇದು ಯಾವುದೋ ಒಂದು ಧರ್ಮದ ಮೇಲಿನ ಆಪಾದನೆಯೂ ಅಲ್ಲ. ಎಲ್ಲ ಧರ್ಮಗಳ ನೆರಳಿನಲ್ಲೂ ಇಂಥ ಜಾಗಗಳಿವೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮನೋರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು ನಿಷೇಧಿಸಿದೆ. ವಾಮಾಚಾರದ ವಿರುದ್ಧ ಅದೇ ವರ್ಷ ನಮ್ಮ ರಾಜ್ಯ ತಂದ, 2020ರಲ್ಲಿ ಜಾರಿಯಾದ ಕಾಯ್ದೆ ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ಅಪರಾಧವಾಗಿಸಿದೆ. ಶರಣರು ಭೂತ-ಪ್ರೇತ, ಮಾಟ-ಮಂತ್ರಗಳ ಭಯದಿಂದ ಜನರನ್ನು ಬಿಡಿಸಲು ಎಂಟು ಶತಮಾನಗಳ ಹಿಂದೆಯೇ ಹೆಣಗಿದರು. ಅವರ ಅನುಯಾಯಿಗಳೆನ್ನುವ ನಾವು ಕಾಯ್ದೆಯ ಭಯದಿಂದ ಸುಧಾರಿಸಬೇಕಾಗಿ ಬಂದರೆ ನಾಚಿಕೆಯ ಮಾತು.

ಮಠಗಳಲ್ಲಿ, ಮನೆಗಳಲ್ಲಿ ಆಗಬೇಕಾದ್ದು

ಜನ ಆಸ್ಪತ್ರೆಗಿಂತ ಮೊದಲು ಮಠಕ್ಕೆ ಬರುತ್ತಾರೆ. ಅದು ದೋಷವಲ್ಲ, ಅವಕಾಶ. ಪೂಜ್ಯರು ಹೇಳುವ ಒಂದು ಮಾತಿಗೆ ಹತ್ತು ವೈದ್ಯರ ಮಾತಿಗಿಲ್ಲದ ತೂಕವಿದೆ. ‘ವಿಭೂತಿ ಹಚ್ಚಿಕೊಳ್ಳಿ, ಧೈರ್ಯದಿಂದಿರಿ, ಇವತ್ತೇ ವೈದ್ಯರಿಗೆ ತೋರಿಸಿ’ ಎಂದು ಅವರು ಹೇಳಿದರೆ ಆ ಕುಟುಂಬದ ವರ್ಷಗಳು ಉಳಿಯುತ್ತವೆ. ಪ್ರತಿ ಮಠವೂ ಹತ್ತಿರದ ಮನೋವೈದ್ಯರ ಹೆಸರು, ಅವರು ಸಿಗುವ ದಿನ, 14416 ಸಂಖ್ಯೆ, ಇಷ್ಟನ್ನು ಬರೆದ ಒಂದು ಫಲಕವನ್ನು ದಾಸೋಹದ ಮನೆಯ ಬಾಗಿಲಲ್ಲಿ ಹಾಕಲಿ. ವರ್ಷಕ್ಕೊಮ್ಮೆ ಜಾತ್ರೆಯ ಹೊತ್ತಿಗೆ ಕಣ್ಣಿನ ಶಿಬಿರದ ಜೊತೆಗೆ ಮಾನಸಿಕ ಆರೋಗ್ಯ ಶಿಬಿರವೂ ನಡೆಯಲಿ.

ಮನೆಯವರಿಗೂ ಕೆಲವು ಮಾತು. ‘ಅಲ್ಲಿ ಏನೂ ಇಲ್ಲ, ಸುಮ್ಮನಿರು’ ಎಂದು ವಾದಿಸಬೇಡಿ. ‘ಹೌದು, ನನಗೂ ಕಾಣುತ್ತದೆ’ ಎಂದು ತಾಳವನ್ನೂ ಹಾಕಬೇಡಿ. ‘ನಿಮಗೆ ಕಾಣುತ್ತಿದೆ, ನನಗೆ ಕಾಣುತ್ತಿಲ್ಲ, ನಿಮಗೆ ಹೆದರಿಕೆ ಆಗಿರುವುದು ಗೊತ್ತಾಗುತ್ತದೆ, ನಾನು ಜೊತೆಗಿದ್ದೇನೆ’ ಎನ್ನಿ. ಕೋಣೆಯಲ್ಲಿ ದೀಪ ಹಚ್ಚಿ, ಕನ್ನಡಕ ಮತ್ತು ಕಿವಿಯ ಯಂತ್ರ ಹಾಕಿಸಿ. ಯಾವಾಗ ಶುರುವಾಯಿತು, ಏನು ಕಾಣುತ್ತದೆ, ಯಾವ ಹೊತ್ತಿನಲ್ಲಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ಕೊಡಿ. ಇದ್ದಕ್ಕಿದ್ದಂತೆ ಬಂದ ಗೊಂದಲ, ಜ್ವರ, ತೀವ್ರ ತಲೆನೋವು, ಫಿಟ್ಸ್, ಕುಡಿತ ಬಿಟ್ಟ ಮೊದಲ ವಾರ, ಸಾಯಲು ಅಥವಾ ಹೊಡೆಯಲು ಆಜ್ಞಾಪಿಸುವ ದನಿ, ಇವುಗಳಲ್ಲಿ ಒಂದಿದ್ದರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.

ಭ್ರಮೆ ಬಂದವರನ್ನು ಕೀಳಾಗಿ ಕಾಣುವುದಕ್ಕೆ, ಆ ಮನೆಗೆ ಹೆಣ್ಣು ಕೊಡದಿರುವುದಕ್ಕೆ, ಶುಭಕಾರ್ಯಗಳಿಂದ ದೂರ ಇಡುವುದಕ್ಕೆ ಇರುವ ಒಂದೇ ಕಾರಣ ನಮ್ಮ ಅಜ್ಞಾನ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ನಾವು ಪೂಜೆಗೆ ಕೂರುತ್ತೇವೆ. ಮಿದುಳಿನ ಕಾಯಿಲೆಗೆ ಮಾತ್ರೆ ನುಂಗಿದ ಬಂಧು ನಮ್ಮ ಪಕ್ಕದಲ್ಲೇ ಸಹಪಂಕ್ತಿಯಲ್ಲಿ ಕೂತು ಪ್ರಸಾದ ಸ್ವೀಕರಿಸುವಂತಾಗಲಿ. ಈ ತಿಂಗಳು ನಿಮ್ಮ ಓಣಿಯಲ್ಲಿ ಇಂಥ ಒಂದು ಮನೆ ಇದ್ದರೆ ಅಲ್ಲಿಗೆ ಹೋಗಿ, ಈ ಪತ್ರಿಕೆಯನ್ನು ಅವರ ಕೈಗಿಡಿ. ಆಸ್ಪತ್ರೆಗೆ ಜೊತೆಗೆ ಬರುವವರಿಲ್ಲ ಎಂದರೆ ನೀವೇ ಜೊತೆಗೆ ಹೋಗಿಬನ್ನಿ.